ರಿಂಗ್ ಹಾಕೋಣ, ಆದರೆ ಮಂಗಳವಾರ ಊಟಕ್ಕೆ ಯಾರು ಬರುತ್ತಾರೆ?

ಪ್ರಶ್ನೆ: ಸರ್, ನಮ್ಮದು ಚಿಕ್ಕಬಳ್ಳಾಪುರ ತಾಲ್ಲೂಕು. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರ ಇನ್ನೂ ಆರು ಕಿಲೋಮೀಟರ್ ಇದೆ ಅನ್ನುವಾಗ, ಬೆಂಗಳೂರಿನಿಂದ ಬರುವವರಿಗೆ ಎಡಗಡೆಗೆ ನಮ್ಮ ತಂದೆಯ ಹೆಸರಿನಲ್ಲಿ ಒಂದು ಎಕರೆ ಐದು ಗುಂಟೆ ಜಮೀನಿದೆ. ಈಗ ದ್ರಾಕ್ಷಿ ಇದೆ. ಹತ್ತಿರದಲ್ಲೇ ವಾಟರ್ ಪಾರ್ಕು, ಥೀಮ್ ಪಾರ್ಕು ಬರುತ್ತದೆ ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ನಂದಿ ಬೆಟ್ಟ, ಈಶಾ ಆದಿಯೋಗಿ ಹೇಗೂ ಇವೆ. ನಾನು, ನನ್ನ ತಮ್ಮ ಸೇರಿ ಸ್ಪೋರ್ಟ್ಸ್ ಥೀಮ್ ರೆಸ್ಟೋರೆಂಟ್ ಮಾಡಬೇಕು ಅಂತಿದ್ದೇವೆ. ಮಧ್ಯೆ ಡಬ್ಲ್ಯೂಡಬ್ಲ್ಯೂಇ ತರಹದ ಕುಸ್ತಿ ರಿಂಗ್, ಸುತ್ತಲೂ 120 ಸೀಟು, ಗೋಡೆಗೆಲ್ಲ ದೊಡ್ಡ ಸ್ಕ್ರೀನ್, ಐಪಿಎಲ್, ಕಬಡ್ಡಿ ಎಲ್ಲ. ಒಟ್ಟು ₹1.8 ಕೋಟಿ ಖರ್ಚು. ₹60 ಲಕ್ಷ ನಮ್ಮದು, ಉಳಿದದ್ದು ಬ್ಯಾಂಕ್ ಸಾಲ. ನಡೆಯುತ್ತಾ? ಬಾರ್ ಲೈಸೆನ್ಸ್ ತಗೊಂಡರೆ ಇನ್ನೂ ಚೆನ್ನಾಗಿರುತ್ತಾ?

ಉತ್ತರ: ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾದದ್ದು ಟ್ರಂಪ್ ಕಾರ್ಡ್. ರ‍್ಯಾಂಕ್, ಹೈಟ್, ವೇಟ್, ಚೆಸ್ಟ್, ಬೈಸೆಪ್ಸ್ ಅಂತ ಅಚ್ಚಾಗಿರುತ್ತಿದ್ದ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕಾರ್ಡು. ನನ್ನ ಮಗ ಗಣಿತದ ನೋಟ್‌ಬುಕ್ ಮಧ್ಯೆ ಒಂದು ಕಟ್ಟು ಇಟ್ಟುಕೊಂಡಿರುತ್ತಿದ್ದ. ನಿಮಗೂ ಹೆಚ್ಚು ಕಡಿಮೆ ಅವನದೇ ವಯಸ್ಸು ಇರಬೇಕು. ಹಾಗಾಗಿ ಈ ಐಡಿಯಾ ಎಲ್ಲಿಂದ ಹುಟ್ಟಿತು ಅನ್ನೋದು ನನಗೆ ಅರ್ಥವಾಗುತ್ತದೆ. ಕೆಟ್ಟ ಐಡಿಯಾ ಅಂತ ಹೇಳೋದಿಲ್ಲ.

ಆದರೆ ನೀವು ಬರೆದಿರುವ ಲೆಕ್ಕದಲ್ಲಿ, ₹1.2 ಕೋಟಿ ಸಾಲ ಮಾಡಿ ಕೈ ಹಾಕಬೇಡಿ. ಅದೇ ಜಾಗದಲ್ಲಿ ಬೇರೆ ರೀತಿಯಲ್ಲಿ, ಚಿಕ್ಕದಾಗಿ ಶುರು ಮಾಡಿದರೆ ದಾರಿ ಇದೆ.

ಮೊದಲು ಲೆಕ್ಕ ಹಾಕೋಣ. ₹1.2 ಕೋಟಿಗೆ 11% ಬಡ್ಡಿ, 7 ವರ್ಷ ಅಂತ ಇಟ್ಟುಕೊಂಡರೆ ತಿಂಗಳ ಕಂತು ಸುಮಾರು ₹2.05 ಲಕ್ಷ. 120 ಸೀಟಿನ ಹೋಟೆಲಿಗೆ ಮಾಸ್ಟರ್, ಅಸಿಸ್ಟೆಂಟ್, ಸಪ್ಲೈಯರ್, ಕ್ಲೀನಿಂಗ್, ಕ್ಯಾಷಿಯರ್, ವಾಚ್‌ಮನ್ ಎಲ್ಲ ಸೇರಿ 22 ಜನ ಬೇಕು. ಸಂಬಳ, ಊಟ, ರೂಮು ಸೇರಿ ತಲಾ ₹18,000 ಅಂದರೂ ₹4 ಲಕ್ಷದ ಹತ್ತಿರ. ಕರೆಂಟು, ಜನರೇಟರ್, ನೀರಿಗೆ ₹80,000. ಟಿವಿ ಕನೆಕ್ಷನ್, ಲೈಸೆನ್ಸ್, ರಿಪೇರಿ, ಸಣ್ಣಪುಟ್ಟದ್ದಕ್ಕೆ ₹65,000. ಒಟ್ಟು ₹7.5 ಲಕ್ಷ. ಒಬ್ಬ ಗಿರಾಕಿಯೂ ಬರದಿದ್ದರೂ ಈ ಖರ್ಚು ತಪ್ಪೋದಿಲ್ಲ.

ಇನ್ನು ನೂರು ರೂಪಾಯಿ ವ್ಯಾಪಾರ ಆದರೆ ಸಾಮಾನು, ಗ್ಯಾಸು, ಪಾರ್ಸೆಲ್ ಡಬ್ಬ, ಚೆಲ್ಲಿದ್ದು ಬಿಟ್ಟಿದ್ದು ಎಲ್ಲ ಸೇರಿ ನಲವತ್ತು ಹೋಗುತ್ತದೆ. ಉಳಿಯೋದು ಅರವತ್ತು. ಅಂದರೆ ಆ ₹7.5 ಲಕ್ಷ ಹುಟ್ಟಬೇಕಾದರೆ ತಿಂಗಳಿಗೆ ₹12.5 ಲಕ್ಷ ವ್ಯಾಪಾರ ಆಗಬೇಕು. ತಲೆಗೆ ₹250 ಬಿಲ್ ಅಂದರೆ 5,000 ಜನ. ತಿಂಗಳಿಗೆ ಎಂಟು ದಿನ ಶನಿವಾರ, ಭಾನುವಾರ. ದಿನಕ್ಕೆ 250 ಜನ ಬಂದರು ಅಂತಲೇ ಹಿಡಿಯಿರಿ, 2,000 ಆಯಿತು. ಉಳಿದ 3,000 ಜನ 22 ದಿನಗಳಲ್ಲಿ ಬರಬೇಕು. ದಿನಕ್ಕೆ 136.

ಹಾಗಾದರೆ ಮಂಗಳವಾರ ಬರುವ ಆ 136 ಜನ ಯಾರು? ನೀವು ಬರೆದದ್ದರಲ್ಲಿ ಇದಕ್ಕೆ ಉತ್ತರ ಇಲ್ಲ. ಥೀಮ್ ಪಾರ್ಕಿನವರು ಅಂತೀರಾ? ಮಂಗಳವಾರ ಥೀಮ್ ಪಾರ್ಕೇ ಖಾಲಿ ಹೊಡೆಯುತ್ತಿರುತ್ತದೆ. ಶಾಲೆ ಟ್ರಿಪ್ ಬಸ್ಸು ಬಂದರೆ ಬಂತು. ಆ ಮಕ್ಕಳಿಗೆ ಊಟ ಪಾರ್ಕಿನ ಒಳಗೇ ಪ್ಯಾಕೇಜಿನಲ್ಲಿ ಸೇರಿರುತ್ತದೆ.

ಪಾರ್ಕಿನ ಹತ್ತಿರ ಹೋಟೆಲ್ ಇಟ್ಟರೆ ಪಾರ್ಕಿನ ಜನ ಬರುತ್ತಾರೆ ಅನ್ನೋದನ್ನು ನಾನೂ ನಂಬಿದ್ದೆ. ಹದಿನಾಲ್ಕು ವರ್ಷದ ಹಿಂದೆ ಒಂದು ವಾಟರ್ ಪಾರ್ಕಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ಸ್ನೇಹಿತನ ಜೊತೆ ಪಾಲು ಹಾಕಿ ಹಳ್ಳಿ ಥೀಮಿನ ಹೋಟೆಲ್ ಮಾಡಿದೆವು. ಬಾಗಿಲಲ್ಲಿ ಎತ್ತಿನ ಗಾಡಿ, ಒಳಗೆ ಲಾಟೀನು, ಸಪ್ಲೈಯರ್‌ಗಳಿಗೆ ರುಮಾಲು. ಮೊದಲ ಮೂರು ತಿಂಗಳು ಗಾಡಿ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳೋಕೆ ಸಾಲು ನಿಲ್ಲುತ್ತಿದ್ದರು. ನಾಲ್ಕನೇ ತಿಂಗಳಿಗೆ ಗಾಡಿ ಚಕ್ರದ ಬಣ್ಣ ಕಿತ್ತುಬಂತು, ಸಾಲೂ ಹೋಯಿತು. ಯಾಕೆ ಅಂತ ನೋಡೋಕೆ ಒಂದು ಭಾನುವಾರ ಸಂಜೆ ಪಾರ್ಕಿನ ಗೇಟಿನ ಹತ್ತಿರ ಹೋಗಿ ನಿಂತೆ.

ಆರು ಗಂಟೆಗೆ ಗೇಟಿನಿಂದ ಜನ ಹೊರಗೆ ಬರೋದನ್ನು ನೀವೂ ಒಮ್ಮೆ ನೋಡಬೇಕು. ಹೆಂಗಸರ ತಲೆ ಇನ್ನೂ ಒದ್ದೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆ ಬಟ್ಟೆ, ಅದರಿಂದ ನೀರು ಸೋರುತ್ತಿರುತ್ತದೆ. ಸಣ್ಣ ಮಗು ಅಪ್ಪನ ಹೆಗಲ ಮೇಲೆ ಆಗಲೇ ನಿದ್ದೆ. ದೊಡ್ಡದಕ್ಕೆ ಹಸಿವು, ಆದರೆ ಅಮ್ಮನಿಗೆ ಮನೆ ಸೇರಿದರೆ ಸಾಕು. ಗೇಟಿನ ಎದುರು ತಳ್ಳುಗಾಡಿಯಲ್ಲಿ ಸುಟ್ಟ ಜೋಳ, ಚುರುಮುರಿ, ಬಿಸಿ ಬಜ್ಜಿ. ಐದು ನಿಮಿಷದಲ್ಲಿ ಕೈಗೆ ಸಿಗುತ್ತೆ, ಕಾರಿನಲ್ಲೇ ತಿನ್ನಬಹುದು. ಆ ತಳ್ಳುಗಾಡಿಯವನು ನಮಗಿಂತ ಜಾಸ್ತಿ ದುಡಿಯುತ್ತಿದ್ದ ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಮೂರು ಕಿಲೋಮೀಟರ್ ಆಚೆ ಕುಳಿತ ನಾವು ರುಮಾಲು ಕಟ್ಟಿಕೊಂಡು ಕಾಯುತ್ತಿದ್ದೆವು. ಮುಂದಿನ ವರ್ಷ ಪಾತ್ರೆ ಸಮೇತ ಮಾರಿದೆವು.

ಪಾರ್ಕಿನವರೂ ದಡ್ಡರಲ್ಲ. ಊಟ ಅವರ ಆದಾಯದ ಒಂದು ಮುಖ್ಯ ದಾರಿ. ಬಿಡದಿಯಲ್ಲಿ 2005ರಲ್ಲಿ ಶುರುವಾದ ವಂಡರ್‌ಲಾವನ್ನೇ ತೆಗೆದುಕೊಳ್ಳಿ. ಹೊರಗಿನ ತಿಂಡಿ ಒಳಗೆ ಬಿಡೋದಿಲ್ಲ, ಒಳಗೇ ಹೋಟೆಲುಗಳಿವೆ. ಹಸಿದವರು ಗೇಟು ದಾಟಿ ಬರೋದರೊಳಗೆ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ. ನಿಮ್ಮ ಕಡೆ ಬರುತ್ತೆ ಅನ್ನೋ ಪಾರ್ಕು ಇನ್ನೂ ಬಾಯಿಮಾತು. ಬಾಯಿಮಾತಿನ ಪಾರ್ಕಿಗೆ ಬ್ಯಾಂಕ್ ಕಂತು ಕಟ್ಟಬೇಡಿ. ನಂದಿ ಬೆಟ್ಟದ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆ ಆಯಿತು. ಅವತ್ತು ಅದನ್ನು ನಂಬಿ ಯಾರಾದರೂ ಕೆಳಗೆ ಹೋಟೆಲ್ ಕಟ್ಟಲು ಸಾಲ ತೆಗೆದಿದ್ದರೆ, ಕಂತು ಅವತ್ತಿಂದಲೇ ಶುರುವಾಗುತ್ತಿತ್ತು.

ಈಗ ನೀವು ಕೇಳಿದ ಥೀಮಿನ ವಿಷಯ. ಈ ಆಟದ ತವರು ಅಮೆರಿಕ. ಅಲ್ಲಿ ಇದನ್ನು ನಮಗಿಂತ ನೂರು ಪಟ್ಟು ದುಡ್ಡು ಹಾಕಿ ಮಾಡಿ ನೋಡಿದ್ದಾರೆ. ನಿಮ್ಮ ರಿಂಗಿನ ಹೀರೋ ಹಲ್ಕ್ ಹೋಗನ್ 1995ರಲ್ಲಿ ಪಾಸ್ತಾಮೇನಿಯಾ ಅಂತ ಒಂದು ಹೋಟೆಲ್ ತೆರೆದ. ಎಲ್ಲಿ ಗೊತ್ತಾ? ಮಿನೆಸೋಟದ ಮಾಲ್ ಆಫ್ ಅಮೆರಿಕಾದಲ್ಲಿ. ಆ ಮಾಲಿನ ಹೊಟ್ಟೆಯೊಳಗೇ ಒಂದು ಥೀಮ್ ಪಾರ್ಕ್ ಇದೆ. ಒಂದು ವರ್ಷವೂ ಬಾಳಲಿಲ್ಲ. ಆಮೇಲೆ ಕುಸ್ತಿ ಕಂಪನಿಯೇ ಹೋಟೆಲ್ ವ್ಯಾಪಾರಕ್ಕೆ ಇಳಿಯಿತು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಅಂದರೆ ಜನಕ್ಕೆ ಬರವೇ ಇಲ್ಲದ ಜಾಗ. ಅಲ್ಲಿ 2000ದ ಹೊತ್ತಿಗೆ ಡಬ್ಲ್ಯೂಡಬ್ಲ್ಯೂಎಫ್ ನ್ಯೂಯಾರ್ಕ್ ಅಂತ ರೆಸ್ಟೋರೆಂಟ್ ನಡೆಸಿದರು. 2003ರಲ್ಲಿ ಬಾಗಿಲು ಹಾಕಿದರು. ಕುಸ್ತಿ ಕಂಪನಿ ಚೆನ್ನಾಗಿಯೇ ಇತ್ತು, ಈಗಲೂ ಇದೆ. ಹೋಟೆಲ್ ಮಾತ್ರ ನಿಲ್ಲಲಿಲ್ಲ.

ಒರ್ಲ್ಯಾಂಡೋದ ಯೂನಿವರ್ಸಲ್ ಪಾರ್ಕಿನ ಕಥೆ ನಿಮಗೆ ಇನ್ನೂ ಹತ್ತಿರದ್ದು. ಅಲ್ಲಿ ಸಿಟಿವಾಕ್ ಅಂತ ಒಂದು ಬೀದಿ. ಕಾರು ನಿಲ್ಲಿಸಿ ಪಾರ್ಕಿಗೆ ಹೋಗುವವರೂ ವಾಪಸ್ ಬರುವವರೂ ಅದನ್ನು ದಾಟಿಯೇ ಹೋಗಬೇಕು. ಅದಕ್ಕಿಂತ ಒಳ್ಳೇ ಜಾಗ ಭೂಮಿ ಮೇಲೆ ಸಿಗೋದು ಕಷ್ಟ. ಅಲ್ಲಿದ್ದ ಬಾಸ್ಕೆಟ್‌ಬಾಲ್ ಥೀಮಿನ ಎನ್‌ಬಿಎ ಸಿಟಿ 1999ರಲ್ಲಿ ತೆರೆದು 2015ರಲ್ಲಿ ಮುಚ್ಚಿತು. ಆ ಜಾಗಕ್ಕೆ ಬಂದದ್ದು ಚಾಕೊಲೇಟ್ ಹೋಟೆಲ್! ಇಎಸ್‌ಪಿಎನ್ ಚಾನೆಲ್ಲಿನವರ ಇಎಸ್‌ಪಿಎನ್ ಜೋನ್ 1998ರಲ್ಲಿ ಬಾಲ್ಟಿಮೋರಿನಲ್ಲಿ ಶುರುವಾಗಿ ಊರೂರಿಗೆ ಹರಡಿತು. 2010ರ ಜೂನ್‌ನಲ್ಲಿ ಐದು ಕಡೆ ಮುಚ್ಚಿದರು. ಜಾಸ್ತಿ ದಿನ ಉಳಿದದ್ದು ಕ್ಯಾಲಿಫೋರ್ನಿಯಾದ ಅನಹೈಮಿನದು, 2018ರವರೆಗೆ. ಅದು ಡಿಸ್ನಿ ಪಾರ್ಕಿನ ಗೇಟಿಗೆ ಅಂಟಿಕೊಂಡೇ ಇತ್ತು. ಪಾರ್ಕಿನ ಲಾಭ ಸಿಗಬೇಕಾದರೆ ಅಷ್ಟು ಹತ್ತಿರ ಇರಬೇಕು. ನಮ್ಮ ಹಾಗೆ ಮೂರು ಕಿಲೋಮೀಟರ್ ಅನ್ನೋದು ಹತ್ತಿರ ಅಲ್ಲ.

ನಮ್ಮ ದೇಶದ್ದೂ ಒಂದು ಹೇಳಿಬಿಡುತ್ತೇನೆ. 2002ರಲ್ಲಿ ಮುಂಬೈಯಲ್ಲಿ ತೆಂಡೂಲ್ಕರ್ಸ್ ತೆರೆಯಿತು. ಸಚಿನ್ ಆಡುತ್ತಿದ್ದ ಕಾಲ, ಅವರದೇ ಬ್ಯಾಟು, ಅವರದೇ ಹೆಸರು. ಅದೂ ಕೆಲವೇ ವರ್ಷ ನಡೆಯಿತು. ಸಚಿನ್ ಹೆಸರಿಗೇ ಜನ ಎರಡನೇ ಸಲ ಬರದಿದ್ದ ಮೇಲೆ ನಮ್ಮ ನಿಮ್ಮ ಹೆಸರಿಗೆ ಬರುತ್ತಾರಾ?

ಇನ್ನೊಂದು ಕಡೆ ನೋಡಿ. ನಾನು ತುಮಕೂರಿನವನು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲುಗಳಿವೆ. ಥೀಮಿಲ್ಲ, ಸ್ಕ್ರೀನಿಲ್ಲ, ಕೆಲವು ಕಡೆ ಕೂರೋಕೆ ಸರಿಯಾದ ಜಾಗವೂ ಇಲ್ಲ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವ ಕಾರು ಅದಕ್ಕೋಸ್ಕರ ಇಂಡಿಕೇಟರ್ ಹಾಕಿ ಕೆಳಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಅಲ್ಲ, ಊರಿಗೆ ಹೋಗುವಾಗಲೆಲ್ಲ.

ಸರಿ, ನಿಮ್ಮ ಜಾಗದ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯಲ್ಲಿ ಅತಿ ಮುಖ್ಯವಾದ ಪದ ‘ಎಡಗಡೆ’. ಹೆದ್ದಾರಿಗೆ ಮಧ್ಯೆ ಡಿವೈಡರ್ ಇದೆ. ಆಚೆ ಬದಿಯ ಗಿರಾಕಿ ಈಚೆ ಬರೋದಿಲ್ಲ, ನೀವು ಬಿಟ್ಟಿ ಊಟ ಹಾಕಿದರೂ ಯು-ಟರ್ನ್ ಹುಡುಕೋದಿಲ್ಲ. ಎಡಗಡೆ ಅಂದರೆ ಬೆಂಗಳೂರಿನಿಂದ ಹೊರಟವರು ಮಾತ್ರ ನಿಮ್ಮ ಪಾಲು, ವಾಪಸ್ ಹೋಗುವವರು ಅಲ್ಲ.

ಈಗ ಗಡಿಯಾರ ಹಿಡಿದು ನೋಡಿ. ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಹೋಗುವವರು ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆ ಓಡುತ್ತಾರೆ. ಬಹಳ ಜನ ದೇವನಹಳ್ಳಿ ದಾಟುತ್ತಲೇ ಬೆಟ್ಟದ ರಸ್ತೆಗೆ ತಿರುಗಿಬಿಡುತ್ತಾರೆ. ಇಳಿದು ವಾಪಸ್ ಹೋಗೋದೂ ಆ ಕಡೆಯಿಂದಲೇ. ಅವರು ನಿಮ್ಮ ಬಾಗಿಲು ದಾಟೋದೇ ಕಡಿಮೆ. ಮೇಲಾಗಿ ಬೆಟ್ಟ ಯಾವಾಗ ಮುಚ್ಚುತ್ತೋ ಹೇಳೋಕಾಗಲ್ಲ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋದಾಗ ಡಿಸೆಂಬರ್ ತನಕ ಪ್ರವಾಸಿಗರನ್ನು ಬಿಡಲಿಲ್ಲ. ಅಷ್ಟು ತಿಂಗಳು ಕಂತು ಯಾರು ಕಟ್ಟುತ್ತಾರೆ?

ಆವಲಗುರ್ಕಿಯ ಆದಿಯೋಗಿ ಬೇರೆ ಥರ. 112 ಅಡಿಯ ಮೂರ್ತಿ 2023ರ ಜನವರಿ 15ರಂದು ಅನಾವರಣ ಆದಮೇಲೆ ಈ ರಸ್ತೆಯ ಸಂಜೆಯ ಲೆಕ್ಕವೇ ಬದಲಾಗಿದೆ. ಕತ್ತಲಾದ ಮೇಲೆ ಲೇಸರ್ ಬೆಳಕಿನ ಪ್ರದರ್ಶನ ಇರುತ್ತದೆ. ಅದಕ್ಕೆ ಹೋಗುವವರು ಮೂರರಿಂದ ಐದೂವರೆ ಒಳಗೆ ನಿಮ್ಮ ಮುಂದೆ ಹಾದುಹೋಗುತ್ತಾರೆ. ಅದು ಕಾಫಿ, ಬೋಂಡದ ಹೊತ್ತು. ಪ್ರದರ್ಶನ ಮುಗಿಸಿ ಹಸಿದು ವಾಪಸ್ ಬರುವಾಗ ರಾತ್ರಿ ಎಂಟು, ಒಂಬತ್ತು. ಆಗ ಅವರು ಡಿವೈಡರ್ ಆಚೆ ಇರುತ್ತಾರೆ. ಮತ್ತೆ ಅವರಲ್ಲಿ ಎಷ್ಟೋ ಜನ ಅವತ್ತು ಸಸ್ಯಾಹಾರ ಅಂತ ಇರುವವರು.

ಹಾಗಾದರೆ ಎಡಗಡೆಗೆ ನಿಜವಾಗಿ ಸಿಗೋದು ಯಾರು? ಬೆಳಗ್ಗೆ ಆರರಿಂದ ಹತ್ತರವರೆಗೆ ಬೆಂಗಳೂರಿನಿಂದ ಬಾಗೇಪಲ್ಲಿ, ಲೇಪಾಕ್ಷಿ, ಪುಟ್ಟಪರ್ತಿ, ಹೈದರಾಬಾದ್ ಕಡೆ ಹೊರಟವರು. ಇವರು ಮಂಗಳವಾರವೂ ಹೋಗುತ್ತಾರೆ. ಮನೆಯಲ್ಲಿ ತಿಂಡಿ ತಿನ್ನದೆ ಹೊರಟಿರುತ್ತಾರೆ. ಒಂದು ಗಂಟೆ ಕಾರು ಓಡಿಸಿದ ಮೇಲೆ ಒಂದು ಒಳ್ಳೇ ಕಾಫಿ, ಒಂದು ಚೊಕ್ಕ ಟಾಯ್ಲೆಟ್ ಬೇಕು ಅನ್ನಿಸುವುದು ಸರಿಯಾಗಿ ನಿಮ್ಮ ಜಮೀನಿನ ಹತ್ತಿರ. ನೀವು ಹುಡುಕುತ್ತಿದ್ದ 136 ಜನ ಇವರೇ. ಆದರೆ ಇವರಿಗೆ ರಿಂಗ್ ಬೇಡ.

ಈಗ ಆಟದ ಗಡಿಯಾರ. ಐಪಿಎಲ್ ಶುರುವಾಗೋದು ರಾತ್ರಿ ಏಳೂವರೆಗೆ, ಎರಡು ಮ್ಯಾಚ್ ಇದ್ದ ದಿನ ಮೊದಲನೆಯದು ಮೂರೂವರೆಗೆ. ಪ್ರೊ ಕಬಡ್ಡಿ ಕೂಡ ರಾತ್ರಿಯೇ. 2026ರ ಫುಟ್‌ಬಾಲ್ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೋದ್ದಾದ್ದರಿಂದ ನಮಗೆ ನಡುರಾತ್ರಿ, ಬೆಳಗಿನ ಜಾವದ ಆಟಗಳು. ಇನ್ನು ನಿಮ್ಮ ಡಬ್ಲ್ಯೂಡಬ್ಲ್ಯೂಇ? ಅಮೆರಿಕದಲ್ಲಿ ಸೋಮವಾರ ರಾತ್ರಿ ಎಂಟಕ್ಕೆ ನಡೆಯುವ ಆಟ ನಮಗೆ ಲೈವ್ ಸಿಗೋದು ಮಂಗಳವಾರ ಬೆಳಗ್ಗೆ ಐದೂವರೆ ಅಥವಾ ಆರೂವರೆಗೆ. ನಿಮ್ಮ ಮಾಸ್ಟರ್ ಮೊದಲ ಇಡ್ಲಿ ಹಬೆಗೆ ಇಡೋ ಹೊತ್ತು. ಪ್ರವಾಸಿಗರು ರಸ್ತೆಯಲ್ಲಿರುವ ಹೊತ್ತಿಗೆ ಆಟ ಇಲ್ಲ, ಆಟ ಇರುವ ಹೊತ್ತಿಗೆ ಪ್ರವಾಸಿಗರಿಲ್ಲ. ಮ್ಯಾಚ್ ನೋಡೋಕೆ ಬರುವವರು ಚಿಕ್ಕಬಳ್ಳಾಪುರದ ಹುಡುಗರು. ಅವರು ಆರು ಕಿಲೋಮೀಟರ್ ಬೈಕಿನಲ್ಲಿ, ಅದೂ ಡಿವೈಡರ್ ಸುತ್ತಿಕೊಂಡು ಬರಬೇಕು. ಮನೆಯಲ್ಲಿ, ಕೈಯಲ್ಲಿ, ಎಲ್ಲೆಲ್ಲೂ ಸ್ಕ್ರೀನ್ ಇರುವಾಗ.

ಬಂದರು ಅಂತಲೇ ಇಟ್ಟುಕೊಳ್ಳಿ. ಆರ್‌ಸಿಬಿ ಮ್ಯಾಚು. 2025ರಲ್ಲಿ ಕೊನೆಗೂ ಕಪ್ ಗೆದ್ದಮೇಲೆ ಹುಚ್ಚು ಇನ್ನೂ ಜಾಸ್ತಿಯಾಗಿದೆ. ಏಳು ಕಾಲಿಗೆ ಆರು ಜನರ ಗುಂಪು ಬಂದು ಸ್ಕ್ರೀನ್ ಎದುರಿನ ಟೇಬಲ್ ಹಿಡಿಯುತ್ತದೆ. ಒಂದು ಗೋಬಿ ಮಂಚೂರಿ, ಎರಡು ಲೈಮ್ ಸೋಡಾ. ಪವರ್‌ಪ್ಲೇ ಮುಗಿಯುವಾಗ ಇನ್ನೊಂದು ಗೋಬಿ, ಬೈ-ಟು. ಹನ್ನೊಂದೂವರೆ ತನಕ ಟೇಬಲ್ ಏಳೋದಿಲ್ಲ. ಸಪ್ಲೈಯರ್ ಪಕ್ಕ ಬಂದು ನಿಂತರೆ ‘ಗುರು, ಸ್ವಲ್ಪ ಸೈಡಿಗೆ’ ಅಂತಾರೆ. 120 ಸೀಟೂ ತುಂಬಿ ತಲೆಗೆ ₹250 ಆದರೂ ₹30,000. ಅದೇ ಸೀಟು ಮಾಮೂಲಿ ಭಾನುವಾರ ರಾತ್ರಿ ಎರಡು ಸಲ ತಿರುಗಿದರೆ ₹60,000. ನೋಡೋಕೆ ಹೌಸ್‌ಫುಲ್, ಗಲ್ಲಾ ಅರ್ಧ. ಲೀಗ್ ಹಂತದಲ್ಲಿ ಆರ್‌ಸಿಬಿಗೆ 14 ಮ್ಯಾಚು. 2025ರ ಇಡೀ ಐಪಿಎಲ್‌ಗೆ 74. ವರ್ಷಕ್ಕೆ ದಿನ 365.

ಕಾಗದಪತ್ರದ ವಿಷಯವೂ ಇದೆ. ಮನೆಯ ಡಿಟಿಎಚ್ ಕನೆಕ್ಷನ್ನೋ ಮೊಬೈಲ್ ಆ್ಯಪ್ಪೋ ಹಾಕಿ ಹೋಟೆಲಿನಲ್ಲಿ ಮ್ಯಾಚ್ ತೋರಿಸುವಂತಿಲ್ಲ. ಕಮರ್ಷಿಯಲ್ ಕನೆಕ್ಷನ್ ಬೇಕು, ಅದರ ರೇಟೇ ಬೇರೆ. ಮ್ಯಾಚ್ ನೋಡೋಕೆ ಅಂತ ಟಿಕೆಟ್ ಇಟ್ಟರೆ 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ ಬಂದು ಕೂರುತ್ತದೆ. ದುಡ್ಡು ತೆಗೆದುಕೊಂಡು ಪ್ರಸಾರ ತೋರಿಸುವ ಹಕ್ಕು ಚಾನೆಲ್ಲಿನವರದು. ಹಿನ್ನೆಲೆಗೆ ಹಾಡು ಹಾಕಿದರೆ ಹಾಡಿನ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಲೈಸೆನ್ಸ್. ಡಬ್ಲ್ಯೂಡಬ್ಲ್ಯೂಇ ಲೋಗೋ, ಆರ್‌ಸಿಬಿ ಸಿಂಹ, ಕೊಹ್ಲಿ ಫೋಟೋ ದೊಡ್ಡದಾಗಿ ಗೋಡೆಗೆ ಹಾಕಿ ವ್ಯಾಪಾರಕ್ಕೆ ಬಳಸಿದರೆ ಒಂದು ದಿನ ವಕೀಲರ ನೋಟಿಸ್ ಬರುತ್ತದೆ. ಊರಲ್ಲಿ ಎಲ್ಲರೂ ಹಾಕ್ಕೊಂಡಿದಾರಲ್ಲ ಅಂತೀರಿ. ಸಣ್ಣ ಸಲೂನಿನವನು ಹಾಕೋದು ಬೇರೆ, ₹1.8 ಕೋಟಿ ಹಾಕಿದವನು ಹಾಕೋದು ಬೇರೆ.

ತೆರಿಗೆಯಲ್ಲೂ ಒಂದು ಹೊಡೆತ ಇದೆ. ಹೋಟೆಲ್ ಬಿಲ್ಲಿಗೆ 5% ಜಿಎಸ್‌ಟಿ, ಅದರಲ್ಲಿ ಇನ್‌ಪುಟ್ ಕ್ರೆಡಿಟ್, ಅಂದರೆ ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಳೆದು ಕಟ್ಟೋ ಅವಕಾಶ, ಸಿಗೋದಿಲ್ಲ. ನೀವು ದೊಡ್ಡ ಟಿವಿ, ಎಸಿಗಳಿಗೆ ಕೊಟ್ಟ 18% ಪೂರ್ತಿ ನಿಮ್ಮ ತಲೆ ಮೇಲೆ. ಥೀಮ್ ಹೋಟೆಲಿನಲ್ಲಿ ಇಂಥ ಸಾಮಾನೇ ಜಾಸ್ತಿ, ಅಲ್ವಾ?

ಬಾರ್ ಬಗ್ಗೆ ಕೇಳಿದ್ದೀರಿ. ಬೇಡ. ಹೊಸ ಸಿಎಲ್-9, ಅಂದರೆ ಬಾರ್ ಲೈಸೆನ್ಸ್, ಅಂಗಡಿ ಸಾಮಾನಿನ ಹಾಗೆ ಸಿಗೋದಿಲ್ಲ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಹೇಳಿತು. ಮುಂದಿನ ವರ್ಷ ಸಣ್ಣ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿ, ನಗರಸಭೆ, ಪುರಸಭೆ ವ್ಯಾಪ್ತಿಗೆ ವಿನಾಯಿತಿ ಕೊಟ್ಟಿತು. ನಿಮ್ಮದು ಹೆದ್ದಾರಿಗೆ ಹೊಂದಿಕೊಂಡ ಹಳ್ಳಿ ಜಮೀನು. ಇದೆಲ್ಲ ದಾಟಿ ಲೈಸೆನ್ಸ್ ತಂದರೂ ಬೆಳಗ್ಗೆ ತಿಂಡಿಗೆ ಬರುವ ಸಂಸಾರ, ಸಂಜೆಯ ಆದಿಯೋಗಿ ಬಸ್ಸು, ಎರಡೂ ಬೋರ್ಡ್ ನೋಡಿ ಮುಂದೆ ಹೋಗುತ್ತವೆ.

ಇಷ್ಟು ಹೇಳಿ ಕೈ ಬಿಡೋದಿಲ್ಲ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ.

ನಿಮ್ಮ ₹60 ಲಕ್ಷದಲ್ಲಿ ₹45 ಲಕ್ಷ ಮಾತ್ರ ತೆಗೆಯಿರಿ. ಸಾಲ ಬೇಡ. ಮೇಲೆ ಶೀಟು, ಕೆಳಗೆ ಗಟ್ಟಿ ನೆಲ, ಒಳ್ಳೇ ಅಡುಗೆಮನೆ, ಅದಕ್ಕಿಂತ ಒಳ್ಳೇ ಟಾಯ್ಲೆಟ್. ಬೆಳಗ್ಗೆ ಐದೂವರೆಗೆ ಕಾಫಿ ರೆಡಿ ಇರಬೇಕು. ಹತ್ತು ಜನ ಕೆಲಸದವರಿಗೆ ₹1.8 ಲಕ್ಷ, ಉಳಿದ ಖರ್ಚು ₹70,000, ಒಟ್ಟು ₹2.5 ಲಕ್ಷ. ಹಳೇ ಲೆಕ್ಕದಂತೆ ತಿಂಗಳಿಗೆ ₹4.2 ಲಕ್ಷದ ಹತ್ತಿರ ವ್ಯಾಪಾರ ಆದರೆ ಸಾಕು. ತಲೆಗೆ ₹110 ಅಂದರೆ 3,800 ಜನ. ವಾರಾಂತ್ಯ 200ರಂತೆ 1,600 ಹೋಯಿತು. ಉಳಿದ ದಿನ ನೂರು ಜನ. ಹೈದರಾಬಾದ್ ರಸ್ತೆಯಲ್ಲಿ ದಿನಕ್ಕೆ ನೂರು ಜನಕ್ಕೆ ಇಡ್ಲಿ, ಖಾರಾಬಾತ್, ಕಾಫಿ ಮಾರೋದು, 136 ಜನಕ್ಕೆ ₹250ರ ಊಟ ಮಾರಿದಷ್ಟು ಕಷ್ಟ ಅಲ್ಲ. ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು, ನಾಟಿಕೋಳಿ ಸಾರು. ನಿಮ್ಮ ಮನೆಯಲ್ಲಿ ಮಾಡೋ ಥರವೇ ಇರಲಿ, ಬೆಂಗಳೂರಿನವರು ಕೇಳೋದೇ ಅದನ್ನು. ನಾಟಿಕೋಳಿಗೆ ಪಾತ್ರೆ, ಒಲೆ ಬೇರೆ ಇಡಿ. ಬೆಳಗಿನ ತಿಂಡಿಯ ಬೋರ್ಡಿನಲ್ಲಿ ಅದರ ಸುದ್ದಿ ಬೇಡ.

ಆಟ ಎಲ್ಲಿ ಅಂತೀರಾ? ಹಿಂದುಗಡೆ. ನೋಡೋ ಆಟ ಅಲ್ಲ, ಆಡೋ ಆಟ. ಅಮೆರಿಕದಲ್ಲೇ ಇಷ್ಟೆಲ್ಲ ಮುಚ್ಚಿದ ಮೇಲೂ 1982ರಲ್ಲಿ ಶುರುವಾದ ಡೇವ್ ಆ್ಯಂಡ್ ಬಸ್ಟರ್ಸ್ ಉಳಿದಿದೆ. ಅದರ ಅರ್ಧಕ್ಕಿಂತ ಜಾಸ್ತಿ ಆದಾಯ ಊಟದಿಂದಲ್ಲ, ಜನ ಆಡೋ ಆಟಗಳಿಂದ. ಟಿವಿ ಮನೆಯಲ್ಲೂ ಇದೆ, ಟರ್ಫ್ ಮನೆಯಲ್ಲಿಲ್ಲ. 100 ಅಡಿಗೆ 60 ಅಡಿ ಬಾಕ್ಸ್ ಕ್ರಿಕೆಟ್ ಟರ್ಫಿಗೆ ಐದೂವರೆ ಗುಂಟೆ ಸಾಕು. ಗಂಟೆಗೆ ₹800, ದಿನಕ್ಕೆ ಸರಾಸರಿ ನಾಲ್ಕು ಗಂಟೆ ಹೋದರೂ ತಿಂಗಳಿಗೆ ₹96,000. ಆಡಿ ಬೆವರಿದ ಹನ್ನೆರಡು ಹುಡುಗರು ರಾತ್ರಿ ಒಂಬತ್ತಕ್ಕೆ ಕಬಾಬ್, ಎಗ್ ರೈಸ್ ತಿನ್ನುವ ವೇಗವೇ ಬೇರೆ. ಅವರಿಗೆ ಬೈ-ಟು ಗೊತ್ತಿಲ್ಲ. ಆದರೆ ಇದನ್ನೂ ಮೊದಲ ದಿನವೇ ಹಾಕಬೇಡಿ. ತಿಂಡಿ ಆರು ತಿಂಗಳು ನಡೆದ ಮೇಲೆ, ಉಳಿಸಿದ ₹15 ಲಕ್ಷದಲ್ಲಿ ನೋಡಿ.

ಒಂದು ಸ್ಕ್ರೀನ್ ಇಡಿ, ಬೇಡ ಅನ್ನಲ್ಲ. ಮ್ಯಾಚ್ ದಿನ ಮುದ್ದೆ ಬೇಡ. ಮುದ್ದೆ ಮುರಿದು ಸಾರಲ್ಲಿ ಹೊರಳಿಸಿ ನುಂಗುವಾಗ ಕಣ್ಣು ತಟ್ಟೆ ಮೇಲಿರಬೇಕು, ಅಷ್ಟರಲ್ಲಿ ವಿಕೆಟ್ ಬಿದ್ದಿರುತ್ತೆ. ಕೈಯಲ್ಲಿ ಎತ್ತಿ ತಿನ್ನೋದು ಮಾಡಿ: ಕಬಾಬ್, ಕಾಂಗ್ರೆಸ್ ಕಡ್ಲೆಬೀಜ, ಸೀಸನ್‌ನಲ್ಲಿ ಕರಿದು ತೆಗೆದಿಟ್ಟ ಹಿತಕಿದ ಅವರೆಬೇಳೆ. ಐಪಿಎಲ್ ಕಾಲ ಅಂದರೆ ಏಪ್ರಿಲ್, ಮೇ. ಸಂಜೆ ಗಾಳಿ ಮಳೆ ಬಂದು ಕರೆಂಟು ಹೋಗುವ ಕಾಲವೂ ಅದೇ. ಜನರೇಟರ್ ಇಲ್ಲದೆ ಸ್ಕ್ರೀನ್ ಇಟ್ಟರೆ ಕೊನೇ ಓವರಿನಲ್ಲಿ ಬೈಸಿಕೊಳ್ಳುತ್ತೀರಿ.

ಗೋಡೆಗೆ ಏನು ಹಾಕೋದು? ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಸುತ್ತ ಎಷ್ಟು ಕಬಡ್ಡಿ, ವಾಲಿಬಾಲ್ ಟೀಮುಗಳಿದ್ದವು! ಅವರ ಹಳೇ ಗ್ರೂಪ್ ಫೋಟೋ, ಹಿತ್ತಾಳೆ ಕಪ್ಪು ಯಾರದೋ ಅಟ್ಟದ ಮೇಲೆ ಧೂಳು ಹಿಡಿದಿರುತ್ತದೆ. ಕೇಳಿ ತನ್ನಿ, ಹೆಸರು ಬರೆಸಿ ತೂಗು ಹಾಕಿ. ಅದಕ್ಕೆ ಲೈಸೆನ್ಸ್ ಬೇಡ. ‘ನಮ್ಮ ತಾತ ಇಲ್ಲಿದಾರೆ’ ಅಂತ ತೋರಿಸೋಕೆ ಇಡೀ ಸಂಸಾರ ಊಟಕ್ಕೆ ಬರುತ್ತದೆ. 2024ರ ಜನವರಿಯಲ್ಲಿ ಸಚಿನ್, ಯುವರಾಜ್ ನಿಮ್ಮ ಮುದ್ದೇನಹಳ್ಳಿಗೇ ಬಂದು ಮ್ಯಾಚ್ ಆಡಿದರಲ್ಲ. ಅವತ್ತು ಗ್ಯಾಲರಿಯಲ್ಲಿ ಕೂತು ನಿಮ್ಮೂರಿನವರು ತೆಗೆದ ಫೋಟೋ ಇದ್ದರೆ ಅವರನ್ನು ಕೇಳಿ ತಂದು ಹಾಕಿ.

ರಿಂಗ್ ಆಸೆ ಬಿಡೋಕಾಗಲ್ಲ ಅಂದರೆ ಹೊರಗೆ ಮರದ ನೆರಳಲ್ಲಿ ಹತ್ತು ಅಡಿಗೆ ಹತ್ತು ಅಡಿಯದ್ದು, ದಪ್ಪ ಮ್ಯಾಟ್ ಹಾಸಿ, ಮಕ್ಕಳಿಗೆ. ಮಕ್ಕಳು ಹೊರಳಾಡುತ್ತಿದ್ದರೆ ಅಪ್ಪ ಅಮ್ಮ ಎರಡನೇ ಕಾಫಿ ಹೇಳುತ್ತಾರೆ. ಒಬ್ಬರನ್ನು ನೋಡಿಕೊಳ್ಳೋಕೆ ನಿಲ್ಲಿಸಿ, ಇನ್ಶೂರೆನ್ಸ್ ಮಾಡಿಸಿ.

ಕೆಲಸ ಶುರು ಮಾಡುವ ಮೊದಲು ಮೂರು ವಿಷಯ ತಿಳಿದುಕೊಳ್ಳಿ. ಜಮೀನು ಕನ್ವರ್ಷನ್ ಆಗಬೇಕು, ತಂದೆಯವರು ಸಹಿ ಹಾಕಲು ಒಪ್ಪಿದ್ದಾರಾ? ಪಹಣಿಯಲ್ಲಿ ಚಿಕ್ಕಪ್ಪ, ದೊಡ್ಡಪ್ಪಂದಿರ ಹೆಸರು ಉಳಿದಿಲ್ಲವಾ? ಹೆದ್ದಾರಿಯಿಂದ ನಿಮ್ಮ ಜಾಗಕ್ಕೆ ದಾರಿ ಬಿಡಿಸಿಕೊಳ್ಳಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕು. ಅದಿಲ್ಲದೆ ಕಟ್ಟಿದರೆ ಬಾಗಿಲ ಮುಂದೆ ತಡೆಗೋಡೆ ಬರುತ್ತದೆ. ಮತ್ತೆ ನೀರು. ನಮ್ಮ ಕಡೆ ಬೋರ್‌ವೆಲ್ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಫ್ಲೋರೈಡ್ ಪರೀಕ್ಷೆ ಮಾಡಿಸಿ, ದ್ರಾಕ್ಷಿಗೆ ಆಗುವ ನೀರು ಕಾಫಿಗೆ ಆಗಲೇಬೇಕು ಅಂತಿಲ್ಲ.

ಅದಕ್ಕೂ ಮುಂಚೆ, ಬರುವ ಮಂಗಳವಾರ ನೀವು, ನಿಮ್ಮ ತಮ್ಮ ಒಂದು ನೋಟ್‌ಬುಕ್ ಹಿಡಿದು ಬೆಳಗ್ಗೆ ಐದೂವರೆಗೆ ಜಮೀನಿನ ಬದುವಿನ ಮೇಲೆ ಕೂರಿ. ಹತ್ತರವರೆಗೆ ಎಣಿಸಿ. ಕಾರು ಎಷ್ಟು, ಅದರಲ್ಲಿ ಸಂಸಾರ ಇರೋದು ಎಷ್ಟು, ಟೆಂಪೋ ಟ್ರಾವೆಲರ್ ಎಷ್ಟು. ಸಂಜೆ ಮೂರರಿಂದ ಒಂಬತ್ತರವರೆಗೆ ಮತ್ತೆ ಎಣಿಸಿ, ಆಚೆ ಬದಿಯದ್ದೂ ಬೇರೆ ಕಾಲಂನಲ್ಲಿ ಬರೆಯಿರಿ. ಭಾನುವಾರ ಇನ್ನೊಂದು ಸಲ. ಆ ಎರಡು ಪುಟದ ಫೋಟೋ ತೆಗೆದು ನನಗೆ ಕಳಿಸಿ. ಆಮೇಲೆ ರಿಂಗಿನ ಹಗ್ಗಕ್ಕೆ ಯಾವ ಬಣ್ಣ ಅಂತ ಮಾತಾಡೋಣ.